ಅಮ್ಮನ ಹೊಲಿಗೆ ಮಷೀನು ಲಾರಿ ಹತ್ತಿದ್ದು

ಅಮ್ಮನ ಕಾಲಿನ ಹೊಲಿಗೆ ಮಷೀನನ್ನು ಹುಬ್ಬಳ್ಳಿಯಿಂದ ಬೆಂಗಳೂರಿನ ತಂಗಿ ಮನೆಗೆ ಕಳಿಸಬೇಕಿತ್ತು. "ಸುಮ್ನೆ ಕೊರಿಯರ್ ಮಾಡಿಬಿಡು, ಅದೇನು ಮಹಾ" ಅಂದಳು ತಂಗಿ. ಸೀರೆನೋ ಪುಸ್ತಕನೋ ಆದರೆ ಮಹಾ ಏನಲ್ಲ. ಇದು ಎರಕದ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ತೇಗದ ಹಲಗೆ, ಹಲಗೆ ಮೇಲೆ ಮಷೀನು. ಎಲ್ಲ ಸೇರಿ ನಲವತ್ತು ಕೆಜಿ ಹತ್ತಿರ ಇತ್ತು. ಸ್ಪೀಡ್ ಪೋಸ್ಟಿನಲ್ಲಿ ಒಂದು ಪಾರ್ಸಲ್‌ಗೆ 35 ಕೆಜಿ ಮಿತಿ. ಹಾಗಾಗಿ ಅಂಚೆ ಕಚೇರಿಯ ಯೋಚನೆ ಅಲ್ಲಿಗೇ ಮುಗಿಯಿತು.

ಕೊರಿಯರ್ ಆಫೀಸಿನ ಹುಡುಗ ತಕ್ಕಡಿ ಕಡೆ ನೋಡಲೇ ಇಲ್ಲ. ಅಳತೆ ಕೇಳಿದ. ಉದ್ದ 90 ಸೆಂಟಿಮೀಟರ್, ಅಗಲ 45, ಎತ್ತರ 75. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದ. 61 ಕೆಜಿ ಅಂದ.

"ಇರೋದೇ ನಲವತ್ತು ಕೆಜಿ ಅಲ್ಲಪ್ಪಾ?"

"ಜಾಗ ಹಿಡಿಯುತ್ತಲ್ಲ ಸರ್. ನಿಜವಾದ ತೂಕ, ಅಳತೆಯ ತೂಕ, ಯಾವುದು ಜಾಸ್ತಿನೋ ಅದಕ್ಕೇ ಬಿಲ್ಲು."

ಅಂದರೆ ಪೆಡಲಿಗೂ ಹಲಗೆಗೂ ನಡುವೆ ಇರುವ ಬರೀ ಗಾಳಿಗೂ ನಾನು ದುಡ್ಡು ಕೊಡಬೇಕು. ಅದರ ಮೇಲೆ ಶೇ 18 ಜಿಎಸ್‌ಟಿ. ನಮಸ್ಕಾರ ಹೇಳಿ ಬಂದೆ.

ರೈಲಿನಲ್ಲಿ ಹಾಕಬಹುದಿತ್ತು. 2021ರಲ್ಲಿ ಶುರುವಾದ 'ನಮ್ಮ ಕಾರ್ಗೋ' ಅನ್ನೋ ಪಾರ್ಸಲ್ ಸೇವೆಯ ಮೂಲಕ ಸಾರಿಗೆ ಬಸ್ಸಿನಲ್ಲೂ ಹಾಕಬಹುದಿತ್ತು. ಆದರೆ ಸ್ಟೇಷನ್ನಿಗೋ ಬಸ್‌ಸ್ಟ್ಯಾಂಡಿಗೋ ಹೋಗಿ ಬಿಡಿಸಿಕೊಳ್ಳೋರು ಯಾರು? ತಂಗಿ ಹತ್ತಿರ ಇರೋದು ಸ್ಕೂಟರು.

ಹುಬ್ಬಳ್ಳಿಯಲ್ಲಿದ್ದುಕೊಂಡು ಲಾರಿ ಆಫೀಸು ಕೊನೆಗೆ ನೆನಪಾಗಿದ್ದು ತಮಾಷೆಯೇ. ಊರಲ್ಲಿ ಅವಕ್ಕೇನು ಕಡಿಮೆಯೇ. ಅಲ್ಲಿ ನನಗೆ ನಿಜವಾಗಿ ದಾರಿ ತೋರಿಸಿದವರು ಗುಮಾಸ್ತರಲ್ಲ, ಹಿರಿಯ ಹಮಾಲರೊಬ್ಬರು. ಆಟೋದಲ್ಲಿದ್ದ ಮಷೀನನ್ನು ಒಂದು ಸಲ ನೋಡಿ, ಸ್ಟ್ಯಾಂಡಿನ ಕಾಲನ್ನು ಬೆರಳಿನಿಂದ ತಟ್ಟಿದರು. "ಇದು ಬೀಡು ರೀ, ಎರಕದ ಕಬ್ಬಿಣ. ಬಾಗೂದಿಲ್ಲ, ಬಿದ್ದರ ಒಡಿತದ. ಪೂರಾ ಹಿಂಗ ಕಳಿಸಬ್ಯಾಡ್ರಿ, ಬಿಚ್ರಿ."

ಬಿಚ್ಚಿದೆವು. ಮೊದಲು ಚರ್ಮದ ಬೆಲ್ಟು ಬಂತು, ಆಮೇಲೆ ಸೂಜಿ, ಬಾಬಿನ್ ಕೇಸು. ತಲೆಯ ಭಾಗವನ್ನು ಹಳೇ ಕೌದಿಯಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ಇಳಿಸಿದೆವು. ಅಲ್ಲಾಡದ ಹಾಗೆ ಸಂದಿಗಳಿಗೆ ಪೇಪರ್ ತುರುಕಿದರು. ಸ್ಟ್ಯಾಂಡಿನ ಬೋಲ್ಟುಗಳಿಗೆ ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು ಕಾದು ತಿರುಗಿಸಬೇಕಾಯಿತು. ಎರಡೂ ಪಕ್ಕದ ಕಾಲುಗಳನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ನಡುವೆ ಗೋಣಿಚೀಲ ಇಟ್ಟು ಸುತಳಿ ಹಗ್ಗದಿಂದ ಬಿಗಿದರು. ಬೋಲ್ಟುಗಳನ್ನು ಪುಟ್ಟ ಚೀಲಕ್ಕೆ ಹಾಕಿ ಮಷೀನಿನ ಡ್ರಾಯರಿನಲ್ಲೇ ಇಟ್ಟರು. ಅಷ್ಟು ದೊಡ್ಡ ಸಾಮಾನು ಎರಡು ಸಣ್ಣ ಗಂಟಾಯಿತು. ಗಾಳಿ ಪೂರ್ತಿ ಹೊರಗೆ!

ಗುಮಾಸ್ತರು ಎಲ್‌ಆರ್, ಅಂದರೆ ಲಾರಿ ರಸೀದಿ, ಬರೆದರು. ಎರಡು ನಗ (ಅಂದರೆ ಎರಡು ಗಂಟು), ಹಳೇ ಮನೆ ಸಾಮಾನು. ಅದರ ಮೇಲೆ ಓನರ್ಸ್ ರಿಸ್ಕ್ ಅಂತ ಅಚ್ಚಾಗಿತ್ತು. ಒಡೆದರೆ ನಮ್ಮ ಹಣೆಬರಹ ಅಂತ ಅದರ ಅರ್ಥ. ಮುಂಗಡ ಕೊಟ್ಟರೆ ಪೇಡ್, ಅಲ್ಲಿ ಕೊಟ್ಟರೆ ಟು ಪೇ ಅಂದರು. ನಾನೇ ಕೊಟ್ಟೆ. ಕೊರಿಯರಿನವರು ಹೇಳಿದ್ದರ ಅರ್ಧಕ್ಕಿಂತ ಕಡಿಮೆ.

"ಡೋರ್ ಡೆಲಿವರಿ ತಾನೇ?" ಅಂತ ಮತ್ತೆ ಕೇಳಿಕೊಂಡೆ.

"ಡೋರ್ ಅಂದರ ಗೇಟ್ ರೀ," ಅಂದರು ಹಮಾಲರು, ಬೀಡಿ ಹಚ್ಚುತ್ತಾ. "ಮಾಳಿಗಿ ಮ್ಯಾಲ ಒಯ್ಯೂದು ಬ್ಯಾರೆ ಲೆಕ್ಕ."

ತಂಗಿ ಇರೋದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಕೊರಿಯರಿನಲ್ಲಿ ಕಳಿಸಿದ್ದರೂ ಇದೇ ಪ್ರಶ್ನೆ ಬರುತ್ತಿತ್ತೇನೋ. ಆದರೆ ಅಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಲ್ಲೇ ನಿಂತು ಅವಳಿಗೆ ಫೋನ್ ಮಾಡಿದೆ. ಮಹಡಿ ಹತ್ತಿಸಲು ಎಷ್ಟು ಅಂತ ಗಂಟು ಕೆಳಗಿಳಿಸುವ ಮೊದಲೇ ಮಾತಾಡಿಕೋ, ಎಲ್‌ಆರ್‌ನಲ್ಲಿ ಎರಡು ನಗ ಇದೆ, ಎರಡೂ ಬಂತಾ ಅಂತ ನೋಡಿ ಸಹಿ ಹಾಕು ಅಂತ ಹೇಳಿದೆ.

ಎರಡೂ ಬಂದವು, ಕಾಲುಗಳೂ ಒಡೆದಿರಲಿಲ್ಲ. ಹಮಾಲಿ ವಿಷಯಕ್ಕೆ ಮಾತ್ರ ಒಂದಿಷ್ಟು ಜಗ್ಗಾಟ ಆಯಿತಂತೆ. ಜೋಡಿಸಲು ಪಕ್ಕದ ಬೀದಿಯ ಟೈಲರನ್ನು ಕರೆದಳು. ಅವರು ಹಳೇ ಬೆಲ್ಟು ತೆಗೆದು ಹೊಸದು ಹಾಕಿಕೊಟ್ಟರು.