ಪೇಲಿಯೋ ರೆಸ್ಟೋರೆಂಟ್ ನಡೆಯುತ್ತದಾ?

ಪೇಲಿಯೋ ಅಂದರೆ ಆದಿಮಾನವರ ಹಾಗೆ ತಿನ್ನಬೇಕು ಅನ್ನುವ ಪಥ್ಯ. ಅಕ್ಕಿ ಇಲ್ಲ, ಗೋಧಿ ಇಲ್ಲ, ಬೇಳೆ ಇಲ್ಲ, ಹಾಲಿಲ್ಲ, ಸಕ್ಕರೆಯೂ ಇಲ್ಲ. ಬರೀ ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿ ಇಟ್ಟುಕೊಂಡು ರೆಸ್ಟೋರೆಂಟ್ ನಡೆಸಬಹುದಾ ಅಂತ ಸುಮ್ನೆ ಯೋಚನೆ ಬಂತು. ನಡೆಸಿದವರಿದ್ದಾರೆ. ಬರ್ಲಿನ್‌ನಲ್ಲಿ 2011ರಲ್ಲೇ 'ಸೊವಾಜ್' ಅಂತ ಒಂದು ಶುರುವಾಗಿತ್ತು.

ಗಿರಾಕಿಗಳು ಸಿಗಬಹುದು. ನನ್ನ ಅನುಮಾನ ಲೆಕ್ಕದ್ದು. ಹೋಟೆಲಿನವರಿಗೆ ಲಾಭ ತರುವುದೇ ಅನ್ನ, ಬ್ರೆಡ್, ಪಾಸ್ತಾದಂಥವು. ಖರ್ಚು ಕಡಿಮೆ, ಹೊಟ್ಟೆಯೂ ತುಂಬುತ್ತದೆ, ಅಕ್ಕಿ ಹಿಟ್ಟುಗಳು ಬೇಗ ಕೆಡುವುದೂ ಇಲ್ಲ. ಪೇಲಿಯೋದಲ್ಲಿ ತಟ್ಟೆ ತುಂಬಿಸಬೇಕಾದ್ದು ಮಾಂಸ, ಮೀನು. ಬೆಲೆ ಜಾಸ್ತಿ, ಉಳಿದರೆ ನಷ್ಟ. ಮೈದಾ ಬದಲು ಬಾದಾಮಿ ಹಿಟ್ಟಿನ ಕೇಕ್ ಅಂದರಂತೂ ರೇಟು ಕೇಳಲೇಬೇಡಿ.

ಜನ ಊಟಕ್ಕೆ ಗುಂಪಾಗಿ ಬರುತ್ತಾರೆ ನೋಡಿ, ಅದೂ ಒಂದು ತೊಂದರೆ. ಒಬ್ಬರಿಗೆ ಪೇಲಿಯೋ ಪಥ್ಯ, ಉಳಿದವರಿಗೆಲ್ಲ ಬ್ರೆಡ್ ಬೇಕು. (ಆ ಒಬ್ಬರು ಎಣ್ಣೆ ಯಾವುದು ಅಂತ ಮತ್ತೆ ಮತ್ತೆ ಕೇಳುವುದು ಬೇರೆ.)

ನಾನಾದರೆ ಬೋರ್ಡಿನ ಮೇಲೆ ಪೇಲಿಯೋ ಅಂತ ಬರೆಯುವುದೇ ಇಲ್ಲ. ಕೆಂಡದಲ್ಲಿ ಸುಟ್ಟ ಮೀನು, ತರಕಾರಿ ಅಂತಲೇ ಮಾರುತ್ತೇನೆ. ಪಥ್ಯದವರು ಹೇಗೂ ಹುಡುಕಿಕೊಂಡು ಬರುತ್ತಾರೆ. ಉಳಿದವರಿಗೆ ರುಚಿಯಾಗಿದ್ದರೆ ಸಾಕು, ಅಲ್ವಾ?