ಆರು ಬಿಳಿ ಬಟ್ಟಲು, ಒಂದು ಕರಿ ಬಟ್ಟಲು

ಈ ಸಲ ಜಾತ್ರೆಗೆ ನಮ್ಮೂರಲ್ಲಿ ಅನ್ನಸಂತರ್ಪಣೆ ಇತ್ತು. ಕುಡಿಯುವ ನೀರಿಗೆ ಅಂತ 5,000 ಲೀಟರಿನ ಟ್ಯಾಂಕರ್ ತರಿಸಿದ್ದರು. ಯಾರದೋ ತೋಟದ ಬಾವಿ ನೀರು. ಟ್ಯಾಂಕರ್ ಹುಡುಗ ಮೇಲೆ ಹತ್ತಿ ಮುಚ್ಚಳ ತೆಗೆದ. ಚೀಲಕ್ಕೆ ಕೈ ಹಾಕಿ ಬ್ಲೀಚಿಂಗ್ ಪೌಡರ್ ಎರಡು ಹಿಡಿ ಎತ್ತಿದ. ಇನ್ನೇನು ಸುರಿಯಬೇಕು, ಅಷ್ಟರಲ್ಲಿ ನಾನು "ತಡಿಯಪ್ಪ" ಅಂದೆ.

"ಯಾಕ್ ಮಿಲ್ಟ್ರಿ ಮಾವ, ಕಮ್ಮಿ ಆಯ್ತಾ?"

"ಕಮ್ಮಿನೋ ಜಾಸ್ತಿನೋ ನೋಡಿ ಹೇಳ್ತೀನಿ. ಅರ್ಧ ಗಂಟೆ ಕೊಡು."

ನಾನು ಮದ್ರಾಸ್ ಸ್ಯಾಪರ್ಸ್‌ನಲ್ಲಿ 17 ವರ್ಷ ಇದ್ದವನು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೆಂಟರ್ ಇದೆಯಲ್ಲ, ಅದೇ. 1780ರಿಂದ ಇರೋ, ಸೇನೆಯ ಎಂಜಿನಿಯರಿಂಗ್ ಕೆಲಸದ ಪಡೆ. ಅಲ್ಲಿ ನಮ್ಮನ್ನೆಲ್ಲ 'ತಂಬಿ' ಅಂತಲೇ ಕರೆಯೋದು. ನನ್ನ ಟ್ರೇಡು ಪ್ಲಂಬರ್. ಊರ ಹುಡುಗರು ಎಷ್ಟು ಜನಕ್ಕೆ ಗುಂಡು ಹೊಡೆದೆ ಅಂತ ಕೇಳುತ್ತಾರೆ. ಪೈಪು ಜೋಡಿಸುತ್ತಿದ್ದೆ ಅಂದರೆ ಎದ್ದು ಹೋಗುತ್ತಾರೆ.

ಅವತ್ತು ನನ್ನ ಹತ್ತಿರ ಹಾರಾಕ್ಸ್ ಪೆಟ್ಟಿಗೆ ಇತ್ತು, ನೀರಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಬೇಕು ಅಂತ ನೋಡೋದು. ಜಾತ್ರೆ ಅಂತ ಆರೋಗ್ಯ ಕೇಂದ್ರದವರನ್ನು ಕೇಳಿ ಹಿಂದಿನ ದಿನವೇ ತಂದಿಟ್ಟುಕೊಂಡಿದ್ದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಹಾರಾಕ್ಸ್ ಅನ್ನೋ ಬ್ರಿಟಿಷ್ ಸೇನೆಯ ವೈದ್ಯ ಮಾಡಿದ ಪರೀಕ್ಷೆ ಇದು. ಆರು ಬಿಳಿ ಬಟ್ಟಲು, ಒಂದು ಕರಿ ಬಟ್ಟಲು, 2 ಗ್ರಾಂ ಹಿಡಿಯುವ ಚಮಚ, ಕಲಕೋಕೆ ಗಾಜಿನ ಕಡ್ಡಿ, ಒಂದೆರಡು ಸೀಸೆ. ಇಷ್ಟೇ.

ಕರಿ ಬಟ್ಟಲಲ್ಲಿ ಒಂದು ಚಮಚ ಪೌಡರ್ ಹಾಕಿ, ನೀರು ಹೊಯ್ದು ಕಲಕಬೇಕು. ಆರು ಬಿಳಿ ಬಟ್ಟಲಿಗೆ ಟ್ಯಾಂಕರ್ ನೀರು. ಮೊದಲನೆಯದಕ್ಕೆ ಕರಿ ಬಟ್ಟಲಿನ ನೀರು ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು. ಕಲಕಿ ಅರ್ಧ ಗಂಟೆ ಸುಮ್ನೆ ಬಿಡಬೇಕು. ಆಮೇಲೆ ಒಂದೊಂದಕ್ಕೂ ಮೂರು ಮೂರು ಹನಿ ಪಿಷ್ಟ-ಅಯೋಡೈಡ್ ದ್ರಾವಣ. ನೀರಲ್ಲಿ ಕ್ಲೋರಿನ್ ಉಳಿದಿದ್ದರೆ ಅದು ನೀಲಿಯಾಗುತ್ತದೆ. ಒಂದರಿಂದ ಎಣಿಸಿಕೊಂಡು ಹೋದರೆ ಮೊದಲು ಸಿಗುವ ನೀಲಿ ಬಟ್ಟಲು ಎಷ್ಟನೆಯದೋ ಅದೇ ಲೆಕ್ಕ. ಮೂರನೆಯದು ನೀಲಿಯಾದರೆ 455 ಲೀಟರಿಗೆ ಮೂರು ಚಮಚ, ಅಂದರೆ 6 ಗ್ರಾಂ. 455 ಎಂಥ ವಿಚಿತ್ರ ಸಂಖ್ಯೆ ಅನ್ನಿಸಬಹುದು. ಅದು ಹಳೇ ಲೆಕ್ಕದ 100 ಗ್ಯಾಲನ್.

ನಮ್ಮದು ಮೂರನೇ ಬಟ್ಟಲಿಗೇ ನೀಲಿಯಾಯಿತು. 5,000 ಲೀಟರ್ ಅಂದರೆ ಸುಮಾರು ಹನ್ನೊಂದು ಪಟ್ಟು. 66 ಗ್ರಾಂ. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿ, ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಬರೀ ತಿಳಿ ಸುರಿಸಿದೆ. ಆ ಹುಡುಗನ ಎರಡು ಹಿಡಿಯನ್ನೂ ತೂಗಿಸಿದೆ ಅನ್ನಿ, ನನಗೂ ಕುತೂಹಲ. ಇದರ ಎರಡರಷ್ಟಕ್ಕಿಂತ ಜಾಸ್ತಿ ಇತ್ತು. ಹಾಕಿದ್ದರೆ ಸಾಂಬಾರೂ ಬ್ಲೀಚಿಂಗ್ ವಾಸನೆ ಹೊಡೆಯುತ್ತಿತ್ತು.

ಈ ಪರೀಕ್ಷೆಯಲ್ಲಿ ನನಗೆ ತುಂಬಾ ಇಷ್ಟವಾಗೋದು ಒಂದಿದೆ. ಅದು ನೀರನ್ನಷ್ಟೇ ಅಳೆಯಲ್ಲ, ಪೌಡರನ್ನೂ ಅಳೆಯುತ್ತದೆ. ಚೀಲ ಬಿಚ್ಚಿಟ್ಟು ತೇವ ಹಿಡಿದರೆ ಪೌಡರಿನ ಶಕ್ತಿ ಇಳಿದುಹೋಗುತ್ತದೆ. ಆಗ ನೀಲಿ ಐದನೇ ಬಟ್ಟಲಿಗೋ ಆರನೇ ಬಟ್ಟಲಿಗೋ ಜಾರುತ್ತದೆ. ಅಂದಾಜಿನ ಮೇಲೆ ಹಾಕುವವನಿಗೆ ಇದು ಗೊತ್ತೇ ಆಗಲ್ಲ. ಇನ್ನೊಂದು ಮಾತು: ಇದೆಲ್ಲ ವಾಂತಿಭೇದಿಯಂಥ ರೋಗ ತಡೆಯೋಕೆ ಮಾತ್ರ. ನಮ್ಮ ಜಿಲ್ಲೆ ಬೋರ್‌ವೆಲ್‌ಗಳ ಫ್ಲೋರೈಡ್ ಇದೆಯಲ್ಲ, ಹಲ್ಲು ಕಂದು ಮಾಡೋದು, ಅದಕ್ಕೆ ಬ್ಲೀಚಿಂಗ್ ಏನೂ ಮಾಡಲ್ಲ. ಆ ಧೈರ್ಯದಲ್ಲಿ ಕುಡಿಯಬೇಡಿ.

ಪಡೆಯಲ್ಲಿ ಎಲ್ಲ ಕೆಲಸಕ್ಕೂ ಅಳತೆಯೇ ಮೊದಲು. ಬೈಲಿ ಬ್ರಿಡ್ಜ್ ಅಂದರೆ ಉಕ್ಕಿನ ಪ್ಯಾನೆಲ್ ಜೋಡಿಸಿ ಕಟ್ಟೋ ಸೇತುವೆ. ಅದರ ಒಂದು ಪ್ಯಾನೆಲ್ 10 ಅಡಿ ಉದ್ದ, ತೂಕ ಸುಮಾರು 260 ಕೆಜಿ, ಎತ್ತೋಕೆ ಆರು ಜನ. ಏಳನೆಯವನು ಬಂದರೆ ಅಡ್ಡಿ. 2024ರಲ್ಲಿ ವಯನಾಡಿನ ಚೂರಲ್ಮಲೆಯಲ್ಲಿ ನಮ್ಮವರು ಸೇತುವೆ ಕಟ್ಟಿದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದೀರಿ. ಲೇಹ್ ಕಡೆ ಚಳಿಗಾಲದಲ್ಲಿ ಪಂಪ್ ನಿಲ್ಲಿಸಿದ ಕೂಡಲೇ ಪೈಪಿನ ನೀರನ್ನೆಲ್ಲ ಇಳಿಸಿಬಿಡಬೇಕು. ನೀರು ಮಂಜುಗಡ್ಡೆಯಾದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಕಬ್ಬಿಣದ ಪೈಪು ಸೌತೆಕಾಯಿ ಥರ ಸೀಳುತ್ತದೆ. ನಾನು ಒಂದು ವಾಲ್ವ್ ಮರೆತು ಬೆಳಿಗ್ಗೆ ಬೈಸಿಕೊಂಡಿದ್ದು ಇನ್ನೂ ಕಿವಿಯಲ್ಲಿದೆ.

ಆ ಅನುಭವ ಇಟ್ಟುಕೊಂಡು ದುರ್ಗದ ಕೋಟೆ ಹತ್ತಿದರೆ ಬೇರೆಯೇ ಕಾಣುತ್ತದೆ. ಬಂದವರೆಲ್ಲ ಒನಕೆ ಓಬವ್ವನ ಕಿಂಡಿ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಹೊಂಡದ ಹತ್ತಿರ ಕೂರುತ್ತೇನೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಆಮೇಲೆ ಕೆಳಗೆ ಊರೊಳಗಿನ ಸಂತೆ ಹೊಂಡಕ್ಕೆ. ಹೆಚ್ಚಾದ ನೀರು ಎಲ್ಲಿಗೆ ಹೋಗಬೇಕು ಅನ್ನೋದನ್ನು ನಿಂತು ಯೋಚಿಸಿದ್ದಾರೆ. ಸೈನ್ಯ ಮುತ್ತಿಗೆ ಹಾಕಿದಾಗ ಗೋಡೆಯಷ್ಟೇ ಮುಖ್ಯ ಇದು, ಅಲ್ವಾ?

ಬೆಂಗಳೂರಿನ ಸ್ಯಾಂಕಿ ಕೆರೆ ಗೊತ್ತಲ್ಲ, ಆ ಸ್ಯಾಂಕಿಯೂ ನಮ್ಮ ಕಸುಬಿನವನೇ. ಮದ್ರಾಸ್ ಎಂಜಿನಿಯರ್ಸ್‌ನಿಂದ ಬಂದು ಮೈಸೂರಿನ ಮುಖ್ಯ ಎಂಜಿನಿಯರ್ ಆದವನು. ಇಲ್ಲಿನವರು ಎಷ್ಟು ಕೆರೆ ಕಟ್ಟಿದ್ದಾರೆ ಅಂದರೆ ಹೊಸದಕ್ಕೆ ಜಾಗ ಹುಡುಕೋಕೇ ಜಾಣ್ಮೆ ಬೇಕು ಅನ್ನೋ ಅರ್ಥದಲ್ಲಿ ಬರೆದಿಟ್ಟು ಹೋಗಿದ್ದಾನೆ.

ನಮ್ಮೂರ ಕೆರೆಯೂ ಅಂಥ ಒಂದು ಹಳೇ ಕೆರೆ. ಕೆಲವು ವರ್ಷದ ಹಿಂದೆ ಹೂಳು ತೆಗೆಸುವಾಗ ಗುತ್ತಿಗೆದಾರ ಕೋಡಿ ಮೇಲೆ ಒಂದೂವರೆ ಅಡಿ ಕಾಂಕ್ರೀಟ್ ಏರಿಸಿದ. ನೀರು ಜಾಸ್ತಿ ನಿಲ್ಲುತ್ತದೆ ಅಂತ ಊರವರೆಲ್ಲ ಖುಷಿಪಟ್ಟರು. ಏರಿ ಮಾತ್ರ ಇದ್ದಷ್ಟೇ. "ಕೋಡಿ ಎತ್ತಿದರೆ ಏರಿನೂ ಎತ್ತಬೇಕು" ಅಂತ ನಾನು ಹೇಳಿದೆ. "ನಮ್ ಕೆರೆ ತುಂಬಿದ್ದು ಯಾವಾಗ ನೋಡಿದೀಯಪ್ಪ?" ಅಂತ ಹಿರಿಯರೊಬ್ಬರು ನಕ್ಕರು.

2022 ಬಂತು. 89 ವರ್ಷದ ಮೇಲೆ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ. 1933ರಲ್ಲಿ ತುಂಬಿದ್ದು ಬಿಟ್ಟರೆ ಆಗಲೇ. ಆ ಅಣೆಕಟ್ಟು ಇರೋ ಮಾರಿಕಣಿವೆಗೆ ಜನ ಜಾತ್ರೆ ಥರ ಹೋಗುತ್ತಿದ್ದರು. ನಮ್ಮೂರಲ್ಲಿ ಆ ವಾರ ಒಂದು ರಾತ್ರಿ ನೀರು ಏರಿಯ ನೆತ್ತಿಗೆ ಒಂದು ಮೊಳ ಇದೆ ಅಂತ ಅಣ್ಣನ ಮಗ ಬಂದು ಎಬ್ಬಿಸಿದ. ಯೂರಿಯಾ ಚೀಲಕ್ಕೆ ಮಣ್ಣು ತುಂಬಿಸಿದೆವು. ಹುಡುಗರು ಬಾಯಿಮಟ ತುಂಬುತ್ತಿದ್ದರು. ಮುಕ್ಕಾಲು ಮಾತ್ರ ತುಂಬಬೇಕು, ಆಗಲೇ ಅದು ಚಪ್ಪಟೆ ಕೂತು ಸಂದಿ ಮುಚ್ಚೋದು. ಬಾಯಿ ಒಳಗೆ ಮಡಚಿ, ಇಟ್ಟಿಗೆ ಥರ ಸಂದಿ ತಪ್ಪಿಸಿ ಜೋಡಿಸಿ, ಸಲಿಕೆಯಿಂದ ಬಡಿದೆವು. ಇನ್ನೊಂದು ಕಡೆ ನಾಲ್ಕು ಜನ ಸುತ್ತಿಗೆ, ಹಾರೆ ಹಿಡಿದು ಆ ಕಾಂಕ್ರೀಟ್ ಒಡೆದರು. ಬೆಳಗಿನ ಜಾವ ನಾಲ್ಕಕ್ಕೆ ಎರಡು ಗಜ ಅಗಲ ಬಾಯಿ ಬಿಟ್ಟಿತು. ನೀರು ಹಳ್ಳಕ್ಕೆ ಬಿದ್ದ ಸದ್ದು ಕೇಳಿ ಆ ಹಿರಿಯರು ಏರಿ ಮೇಲೇ ಕೂತು ಬೀಡಿ ಹಚ್ಚಿದರು. ನನಗೂ ಒಂದು ಕೊಟ್ಟರು. ನಾನು ಸೇದಲ್ಲ, ಆದರೂ ಇಸ್ಕೊಂಡೆ.

ಮೊನ್ನೆ ಜಾತ್ರೆ ಮುಗಿದ ಮೇಲೆ ಆ ಕಡೆ ಹೋಗಿದ್ದೆ. ಒಡೆದ ಜಾಗಕ್ಕೆ ಯಾರೋ ಮತ್ತೆ ಕಲ್ಲು ಜೋಡಿಸಿ ಮಣ್ಣು ಮೆತ್ತಿದ್ದಾರೆ. ಮೂರು ಸಾಲು. ಮುಂಗಾರಿಗೆ ಮುಂಚೆ ಹೋಗಿ ತೆಗೀಬೇಕು. ಹಾರೆ ಅಣ್ಣನ ಮನೇಲಿದೆ.