ಮನೆಯಲ್ಲೇ ವ್ಯಾಕ್ಯೂಮ್ ಪ್ರೆಸ್: ವೆನೀರ್ ಒತ್ತುವ ಕೆಲಸ ಎಲ್ಲಿಗೆ ಬಂತು

ಮೊದಲ ವಾರ

ಹೋದ ಸಲ ಹಲಗೆಗೆ ತೇಗದ ವೆನೀರ್, ಅಂದರೆ ತೆಳುವಾದ ಮರದ ಹಾಳೆ, ಅಂಟಿಸಿದ್ದು ಸಿ-ಕ್ಲ್ಯಾಂಪ್ ಹಾಕಿ. ಅಂಚೆಲ್ಲ ಚೆನ್ನಾಗಿ ಕೂತಿತ್ತು. ನಡುವೆ ಮಾತ್ರ ಉಗುರಿನಿಂದ ತಟ್ಟಿದರೆ ಟೊಳ್ಳು ಸದ್ದು. ಕ್ಲ್ಯಾಂಪಿನ ಬಾಯಿ ನಡುವಿನ ತನಕ ಹೋಗುವುದೇ ಇಲ್ಲ. ಮೇಲೆ ಎಷ್ಟು ದಪ್ಪ ಹಲಗೆ ಇಟ್ಟರೂ ಅದು ಸ್ವಲ್ಪ ಬಾಗುತ್ತದೆ, ನಡುವೆ ಒತ್ತಡ ಕಡಿಮೆಯಾಗುತ್ತದೆ.

ಗಾಳಿಗೆ ಈ ತೊಂದರೆ ಇಲ್ಲ. ಸಮುದ್ರ ಮಟ್ಟದಲ್ಲಿ ಅದು ಪ್ರತಿ ಚದರ ಸೆಂ.ಮೀ. ಮೇಲೆ ಸುಮಾರು 1 ಕೆಜಿ ಭಾರ ಹಾಕುತ್ತಲೇ ಇರುತ್ತದೆ. ಅಂಟು ಹಚ್ಚಿದ ಹಲಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಳಗಿನ ಗಾಳಿ ತೆಗೆದರೆ ಸಾಕು, ಹೊರಗಿನದು ತಾನೇ ಒತ್ತುತ್ತದೆ. ವ್ಯಾಕ್ಯೂಮ್ ಪ್ರೆಸ್ ಅಂದರೆ ಇದೇ. ಲೆಕ್ಕ ಹಾಕಿ ನೋಡಿದೆ: 60 × 40 ಸೆಂ.ಮೀ. ಹಲಗೆ, ಗೇಜಿನಲ್ಲಿ ಪಾದರಸದ 25 ಇಂಚು (ಪೂರ್ತಿ ನಿರ್ವಾತವಾದರೆ ಸುಮಾರು 30). 2 ಟನ್‌ಗಿಂತ ಸ್ವಲ್ಪ ಜಾಸ್ತಿಯೇ ಬಂತು, ಅದೂ ಎಲ್ಲ ಕಡೆ ಒಂದೇ ಸಮ. ಅಷ್ಟು ಕ್ಲ್ಯಾಂಪ್ ನನ್ನ ಹತ್ತಿರ ಎಲ್ಲಿಂದ ಬರಬೇಕು?

ಪಂಪಿಗೆ ಹಳೇ ಫ್ರಿಜ್ಜಿನ ಕಂಪ್ರೆಸರ್ ಸಿಕ್ಕಿದೆ. ಒಳಗಿನ ಗ್ಯಾಸನ್ನು ಫ್ರಿಜ್ ರಿಪೇರಿಯವರ ಕೈಯಲ್ಲೇ ತೆಗೆಸಿದೆ. ಅದನ್ನು ಸುಮ್ನೆ ಗಾಳಿಗೆ ಬಿಡಬಾರದು. ಕೆಲವು ಫ್ರಿಜ್ಜುಗಳಲ್ಲಿರುವ ಆರ್600ಎ ಗ್ಯಾಸ್‌ಗೆ ಬೆಂಕಿಯೂ ಹತ್ತುತ್ತದೆ. ಪೈಪ್ ಕತ್ತರಿಸುವ ಕೆಲಸಕ್ಕೆ ನೀವೂ ಸ್ವಂತ ಕೈ ಹಾಕಬೇಡಿ.

ಮೂರನೇ ವಾರ

ಪಂಪ್ ಮತ್ತು ಚೀಲದ ನಡುವೆ ನಿರ್ವಾತ ಹಿಡಿದಿಡುವ ಟ್ಯಾಂಕ್ ತಯಾರಾಯಿತು. 4 ಇಂಚಿನ ದಪ್ಪ ಗೋಡೆಯ ಪಿವಿಸಿ ಪೈಪ್, ಎರಡೂ ತುದಿಗೆ ಎಂಡ್ ಕ್ಯಾಪ್. ಅದಕ್ಕೆ ಗೇಜ್, ಪಂಪಿನ ಕಡೆಯಿಂದ ಗಾಳಿ ವಾಪಸ್ ಬಾರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್, ಚೀಲದ ಕಡೆಗೆ ಒಂದು ಬಾಲ್ ವಾಲ್ವ್. ಜೊತೆಗೆ ವ್ಯಾಕ್ಯೂಮ್ ಸ್ವಿಚ್: 25ಕ್ಕೆ ಮೋಟಾರ್ ನಿಲ್ಲಬೇಕು, 22ಕ್ಕೆ ಇಳಿದರೆ ಮತ್ತೆ ಶುರುವಾಗಬೇಕು. ಟ್ಯಾಂಕ್ ಇರುವುದರಿಂದ ಸಣ್ಣ ಸೋರಿಕೆಗೆಲ್ಲ ಪಂಪ್ ಓಡಬೇಕಾಗಿಲ್ಲ. ಇದು ಮುಖ್ಯ. ಫ್ರಿಜ್ಜಿನಲ್ಲಿದ್ದಾಗ ಈ ಕಂಪ್ರೆಸರನ್ನು ವಾಪಸ್ ಬರುವ ತಣ್ಣನೆ ಗ್ಯಾಸ್ ತಂಪಾಗಿಡುತ್ತಿತ್ತು. ಈಗ ಆ ಗ್ಯಾಸ್ ಇಲ್ಲ. ಬಿಡದೆ ಓಡಿಸಿದರೆ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಗಾಳಿ ಹೊರಬರುವ ಪೈಪಿನಿಂದ ಎಣ್ಣೆಯೂ ಸ್ವಲ್ಪ ಸ್ವಲ್ಪ ಬರುತ್ತದೆ. ಅದನ್ನು ಹತ್ತಿ ತುಂಬಿದ, ಬಾಯಿ ತೆರೆದ ಬಾಟಲಿಗೆ ಬಿಟ್ಟಿದ್ದೇನೆ.

ಬಾಲ್ ವಾಲ್ವ್ ಮುಚ್ಚಿ ಮೊದಲ ಪರೀಕ್ಷೆ. 10 ನಿಮಿಷದಲ್ಲಿ 25ರಿಂದ 18ಕ್ಕೆ ಇಳಿಯಿತು. ಸೋರಿಕೆ ಹುಡುಕಲು ಸೋಪಿನ ನೀರು ಹಚ್ಚಿದರೆ ಪ್ರಯೋಜನವಿಲ್ಲ, ನೀರು ಒಳಗೆ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಪಂಪ್ ಬಿಚ್ಚಿಟ್ಟು, ಟ್ಯಾಂಕಿಗೆ ಟ್ಯೂಬ್ ಸಿಕ್ಕಿಸಿ ಬಾಯಲ್ಲೇ ಊದಿದೆ. ಆಮೇಲೆ ಸೋಪಿನ ನೀರು. ಗೇಜ್ ಕೂತಿದ್ದ ತಿರುಪಿನ ಸುತ್ತ ಸಣ್ಣ ಸಣ್ಣ ನೊರೆ ಎದ್ದಿತು. ಬಿಚ್ಚಿ, ಟೆಫ್ಲಾನ್ ಟೇಪ್ ಹೊಸದಾಗಿ ಸುತ್ತಿ ಕೂರಿಸಿದೆ. ಈಗ ಗಂಟೆಗೆ 1 ಇಂಚು ಮಾತ್ರ ಇಳಿಯುತ್ತಿದೆ.

ನಾಲ್ಕನೇ ವಾರ

ಮೋಟಾರ್ 25ಕ್ಕೆ ಸರಿಯಾಗಿ ನಿಂತಿತು. 22ಕ್ಕೆ ಶುರುವಾಗಲಿಲ್ಲ. ಗುಂಯ್ ಅಂತ ಸದ್ದು ಮಾಡಿ, ಮೋಟಾರ್ ಸುಡದಂತೆ ಕರೆಂಟ್ ಕಡಿಯುವ ಓವರ್‌ಲೋಡ್ ಸ್ವಿಚ್ ಬಿದ್ದು ಸುಮ್ಮನಾಯಿತು. ಕಾರಣ ಹುಡುಕಲು ಎರಡು ಸಂಜೆ ಹೋಯಿತು. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವಾಗ ಎರಡೂ ಬದಿಯ ಒತ್ತಡ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲಿ ಎಳೆಯುವ ಬದಿಯಲ್ಲಿ ನಿರ್ವಾತ, ಬಿಡುವ ಬದಿಯಲ್ಲಿ ಹೊರಗಿನ ಗಾಳಿ. ಮೋಟಾರಿಗೆ ಆ ಶಕ್ತಿ ಇಲ್ಲ.

ಕಂಪ್ರೆಸರ್ ಮತ್ತು ನಾನ್-ರಿಟರ್ನ್ ವಾಲ್ವ್ ನಡುವೆ ಕರೆಂಟಿನಿಂದ ಕೆಲಸ ಮಾಡುವ ಒಂದು ಸೊಲೆನಾಯ್ಡ್ ವಾಲ್ವ್ ಸೇರಿಸಿದೆ. ಕರೆಂಟ್ ಇಲ್ಲದಾಗ ತೆರೆದಿರುವ ಬಗೆಯದು. ಮೋಟಾರ್ ನಿಂತ ಕೂಡಲೇ ಅದು ಆ ತುಂಡು ಪೈಪಿಗೆ ಗಾಳಿ ಬಿಡುತ್ತದೆ, ಟ್ಯಾಂಕಿನದು ಹಾಗೇ ಉಳಿಯುತ್ತದೆ. ನಿಂತಾಗ ಪುಸ್ ಅನ್ನುವ ಆ ಸಣ್ಣ ಸದ್ದು ಕೇಳಿದರೆ ಈಗ ಖುಷಿಯಾಗುತ್ತದೆ.

ಆರನೇ ವಾರ

ಮೊದಲ ಚೀಲ ಸಾದಾ ಪಾಲಿಥಿನ್‌ನದು. ಹಲಗೆಯ ಮೂಲೆ ಚುಚ್ಚಿ ಹರಿಯಿತು. ಎರಡನೆಯದು ಮುಕ್ಕಾಲು ಮಿ.ಮೀ. ದಪ್ಪದ ಮೆತ್ತನೆ ಪಿವಿಸಿ ಶೀಟ್. ಮೂರು ಬದಿ ಅಂಟಿಸಿದೆ. ನಾಲ್ಕನೇ ಬದಿಯನ್ನು ಒಂದು ಸಣ್ಣ ಪೈಪಿಗೆ ಸುತ್ತಿ, ಅದರ ಮೇಲೆ ಉದ್ದಕ್ಕೆ ಸೀಳಿದ ದೊಡ್ಡ ಪೈಪನ್ನು ಕ್ಲಿಪ್ಪಿನ ಹಾಗೆ ಒತ್ತಿ ಕೂರಿಸುತ್ತೇನೆ. ಚೀಲದೊಳಗೆ ಹೋಗುವ ಎಲ್ಲದರ ಮೂಲೆಯನ್ನೂ ಎಮರಿ ಪೇಪರ್‌ನಲ್ಲಿ ಗುಂಡಗೆ ಮಾಡಿದ್ದೇನೆ.

ಆಮೇಲೆ ಮೊದಲ ಹಲಗೆ. ಗೇಜ್ 25 ತೋರಿಸಿತು. ಸಮಾಧಾನದಿಂದ ಮಲಗಿದೆ. ಬೆಳಗ್ಗೆ ತೆಗೆದು ತಟ್ಟಿದರೆ, ಪೈಪಿನಿಂದ ದೂರದ ತುದಿಯಲ್ಲಿ ಅಂಗೈ ಅಗಲದ ಗುಳ್ಳೆ.

ಈ ಪ್ರಾಜೆಕ್ಟಿನಲ್ಲಿ ನಾನು ಕಲಿತ ದೊಡ್ಡ ವಿಷಯ ಇದು. ಗೇಜ್ ಇದ್ದದ್ದು ಟ್ಯಾಂಕಿನ ಮೇಲೆ. ಅದು ಹೇಳಿದ್ದು ಟ್ಯಾಂಕಿನ ಸುದ್ದಿ, ಚೀಲದ್ದಲ್ಲ. ಪಂಪ್ ಶುರುವಾದ ಕೂಡಲೇ ಚೀಲದ ಪ್ಲಾಸ್ಟಿಕ್ ಪೈಪಿನ ಬಾಯಿಯ ಸುತ್ತ ಅಂಟಿಕೊಂಡಿತ್ತು. ಆ ತುದಿಯ ಗಾಳಿಗೆ ಹೊರಬರಲು ದಾರಿಯೇ ಇರಲಿಲ್ಲ. ಎಳೆಯುವ ಶಕ್ತಿ ಸಾಕಷ್ಟಿತ್ತು, ದಾರಿ ಇರಲಿಲ್ಲ ಅಷ್ಟೇ.

ಚೀಲದಲ್ಲಿ ಕೆಳಗಿಡುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಗೆ, ಮರ ಕೊರೆಯುವ ರೂಟರ್ ಯಂತ್ರದಲ್ಲಿ 3 ಮಿ.ಮೀ. ಆಳದ ಕಾಲುವೆ ಹೊಡೆದೆ, 10 ಸೆಂ.ಮೀ. ಅಂತರದಲ್ಲಿ ಚೌಕಳಿ. ಪೈಪಿನ ಬಾಯಿ ನೇರವಾಗಿ ಒಂದು ಕಾಲುವೆಗೆ ಕೂರುತ್ತದೆ. ವೆನೀರಿನ ಮೇಲೆ ಮೇಣದ ಕಾಗದ, ಅದರ ಮೇಲೆ ಒತ್ತು ಹಲಗೆ, ಅದರ ಮೇಲೆ ಕಿಟಕಿಗೆ ಹಾಕುವ ಪ್ಲಾಸ್ಟಿಕ್ ಸೊಳ್ಳೆ ಜಾಲರಿ. ಜಾಲರಿಯ ಅಂಚು ಇಳಿಬಿದ್ದು ಕೆಳಗಿನ ಕಾಲುವೆಗಳನ್ನು ಮುಟ್ಟಬೇಕು. ಚೀಲದ ಆ ದೂರದ ತುದಿಗೆ ಇನ್ನೊಂದು ಗೇಜ್ ಹಾಕಿದೆ. ಕಾಲುವೆ, ಜಾಲರಿ ಇಲ್ಲದಾಗ ಎರಡೂ ಗೇಜ್ ಬೇರೆ ಬೇರೆ ತೋರಿಸುತ್ತಿದ್ದವು, ಈಗ ಒಟ್ಟಿಗೇ ಏರುತ್ತವೆ.

ಎಂಟನೇ ವಾರ

ಎರಡನೇ ಹಲಗೆಯಲ್ಲಿ ಗುಳ್ಳೆ ಇಲ್ಲ, ಆದರೆ ದೋಣಿಯ ಹಾಗೆ ಬಾಗಿತು. ಒಂದೇ ಬದಿಗೆ ವೆನೀರ್ ಹಚ್ಚಿದ್ದೆ. ಅಂಟಿನ ನೀರು ಕುಡಿದು ವೆನೀರ್ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಹಲಗೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಈಗ ಎರಡೂ ಬದಿಗೆ ಒಟ್ಟಿಗೇ ಹಚ್ಚುತ್ತೇನೆ. ಅಂಟು ಹಲಗೆಗೆ ಮಾತ್ರ, ವೆನೀರಿಗೆ ಅಲ್ಲ. ವೆನೀರಿಗೆ ಹಚ್ಚಿದರೆ ಕ್ಷಣದಲ್ಲಿ ಸುರುಳಿ ಸುತ್ತುತ್ತದೆ. ಚೀಲದೊಳಗೆ ಅಂಟಿನ ನೀರು ಆರಿಹೋಗಲು ಜಾಗವಿಲ್ಲ, ಮರವೇ ಅದನ್ನು ಹೀರಬೇಕು. ಅದಕ್ಕೇ ರಾತ್ರಿಯಿಡೀ ಬಿಡುತ್ತೇನೆ. ತೆಗೆದ ಮೇಲೆ ಗೋಡೆಗೆ ಒರಗಿಸುವುದಿಲ್ಲ, ಎರಡೂ ಬದಿಗೆ ಗಾಳಿಯಾಡುವಂತೆ ಪಟ್ಟಿಗಳ ಮೇಲೆ ಇಡುತ್ತೇನೆ.

ಹಳೇ ಹಲಗೆಯ ಗುಳ್ಳೆಯನ್ನೂ ಉಳಿಸಿಕೊಂಡೆ. ಎಳೆಯ ಉದ್ದಕ್ಕೆ ಬ್ಲೇಡಿನಿಂದ ಸೀಳಿ, ಸಿರಿಂಜಿನಲ್ಲಿ ಅಂಟು ಹಾಕಿ, ಮತ್ತೆ ಚೀಲಕ್ಕೆ. ಸೀಳು ಎಲ್ಲಿದೆ ಅಂತ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ನಿನ್ನೆ ರಾತ್ರಿ

ಚೀಲದೊಳಗೆ ಸಣ್ಣ ಮೇಜಿನ ಮೇಲ್ಹಲಗೆ ಇದೆ. ಒಂದರ ಮೇಲೊಂದಿದ್ದ ಎರಡು ವೆನೀರ್ ಹಾಳೆಗಳನ್ನು ಪುಸ್ತಕದಂತೆ ಬಿಡಿಸಿ ಜೋಡಿಸಿದ್ದೇನೆ. ನಡುವಿನ ಗೆರೆಯ ಎರಡೂ ಬದಿ ಎಳೆಗಳು ಕನ್ನಡಿಯಲ್ಲಿ ಕಂಡಂತೆ ಹೊಂದಿವೆ. ಎರಡೂ ಗೇಜ್ 25ರಲ್ಲಿವೆ. ಪಂಪ್ ಗಂಟೆಗೊಮ್ಮೆ ಎದ್ದು, ಕಾಲು ನಿಮಿಷ ಓಡಿ, ಪುಸ್ ಅಂತ ನಿಲ್ಲುತ್ತಿದೆ. ಬೆಳಗ್ಗೆ ತೆಗೆದು ಮೊದಲು ಆ ದೂರದ ತುದಿಯನ್ನೇ ತಟ್ಟಿ ನೋಡಬೇಕು.